ಬೇಜಾರು ಅಂದರೆ ಯಾವ ಬೇಜಾರು?

ಎಲ್ಲರಿಗೂ ನಮಸ್ಕಾರ. ಶಿರಸಿಯ ಈ ಮಳೆಯಲ್ಲಿ ಕೊಡೆ ಹಿಡಿದು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನಾನು ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಈಗ ಅರ್ಧ ದಿನ ಅಡಿಕೆ ತೋಟದಲ್ಲೇ ಇರುತ್ತೇನೆ. ಮಾತನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೋದ ವರ್ಷದ ಮಳೆಗಾಲ. ಎಳೆ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಔಷಧಿ ಒಮ್ಮೆ ಹೊಡೆದ ಮೇಲೆ 40-45 ದಿನಕ್ಕೆ ಮತ್ತೆ ಹೊಡೆಯಬೇಕಲ್ವಾ? ನಮ್ಮದು 50 ದಾಟಿತ್ತು. ಅವತ್ತು ಅಪರೂಪಕ್ಕೆ ಮಳೆ ಹೊಳವಾಗಿತ್ತು. ಸುಣ್ಣ, ಮೈಲುತುತ್ತ ಎಲ್ಲ ತಯಾರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಮಾತ್ರ ಬರಲಿಲ್ಲ. ಫೋನೂ ಎತ್ತಲಿಲ್ಲ. ಹತ್ತು ಗಂಟೆಗೆ ಹೆಂಡತಿ ಕೇಳಿದಳು, 'ಏನಾಯ್ತು, ಮುಖ ಯಾಕೆ ಹಾಗಿದೆ?'

'ಏನಿಲ್ಲ, ಬೇಜಾರು.'

ಈ ಬೇಜಾರು ಪಾರ್ಸಿ ಕಡೆಯಿಂದ ಬಂದ ಪದ. ನಾವು ಅದನ್ನು ಎಷ್ಟು ಹಚ್ಚಿಕೊಂಡಿದ್ದೇವೆ ಅಂದರೆ, ಮಗ ಫೋನ್ ಮಾಡದಿದ್ದರೂ ಬೇಜಾರು, ಕರೆಂಟ್ ಹೋದರೂ ಬೇಜಾರು, ಮನೆಯಲ್ಲಿ ಸಾವಾದರೂ ಬೇಜಾರು. ನಮ್ಮ ಕಡೆಯ 'ತಲೆಬಿಸಿ'ಯೂ ಹಾಗೇ. ಹೇಳೋಕೆ ಸುಲಭ. ಆದರೆ ಒಳಗೆ ಏನಿದೆ ಅಂತ ಹೇಳಿದವನಿಗೇ ಗೊತ್ತಿರುವುದಿಲ್ಲ.

ಅವತ್ತು ಜಗಲಿಯಲ್ಲಿ ಕೂತು ನನ್ನ ಬೇಜಾರನ್ನು ಬಿಚ್ಚಿ ನೋಡಿದೆ. ಮೊದಲು ಮೈ. ದವಡೆ ಬಿಗಿದಿತ್ತು. ಅಂಗೈ ತಣ್ಣಗಾಗಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಗಂಟು. ಇವು ಮೈಯಲ್ಲಿ ಆಗುವ ಸಂಗತಿಗಳು, ಬೆರಳಿಟ್ಟು ಜಾಗ ತೋರಿಸಬಹುದು. ಆಮೇಲೆ ತಲೆಯಲ್ಲಿ ಓಡುತ್ತಿದ್ದ ಮಾತು: 'ಅವನಿಗೆ ನನ್ನ ಮೇಲೆ ಗೌರವ ಇಲ್ಲ ಅನಿಸುತ್ತದೆ.' ಇಲ್ಲೇ ಕನ್ನಡ ನಮಗೊಂದು ಚಳ್ಳೆಹಣ್ಣು ತಿನ್ನಿಸುತ್ತದೆ. 'ಅನಿಸುತ್ತದೆ' ಅಂದ ಕೂಡಲೇ ಅದು ಭಾವನೆ ಅಂದುಕೊಳ್ಳುತ್ತೇವೆ. ಅಲ್ಲ, ಅದು ಯೋಚನೆ. ಯಾಕೆಂದರೆ ಅದು ನಿಜವೂ ಆಗಬಹುದು, ಸುಳ್ಳೂ ಆಗಬಹುದು. ಅವನನ್ನೇ ಕೇಳಿ ಪರೀಕ್ಷೆ ಮಾಡಬಹುದು. 'ನನಗೆ ಹೆದರಿಕೆಯಾಗಿದೆ' ಅಂದರೆ ಮಾತ್ರ ಯಾರೂ ಬಂದು 'ಇಲ್ಲ, ನಿನಗೆ ಆಗಿಲ್ಲ' ಅಂತ ವಾದ ಮಾಡುವ ಹಾಗಿಲ್ಲ.

ಹಾಗಾದರೆ ನನ್ನ ಭಾವನೆ ಯಾವುದು? ಸಿಟ್ಟು ಅಂದುಕೊಂಡಿದ್ದೆ. ಕೊಳೆ ಬಂದು ಮರದ ಬುಡದಲ್ಲಿ ಎಳೆ ಅಡಿಕೆ ಉದುರಿ ಬಿದ್ದ ಚಿತ್ರ ಕಣ್ಣಿಗೆ ಬಂತು ನೋಡಿ, ಆಗ ಗೊತ್ತಾಯಿತು. ಹೆದರಿಕೆ. ಸಿಟ್ಟು ಅದರ ಮೇಲೆ ಹೊದ್ದುಕೊಂಡಿದ್ದ ಕಂಬಳಿ. ಇನ್ನೊಂದು ವಿಷಯ, ಬೆಳಗಿನಿಂದ ಬರೀ ಕಷಾಯ ಕುಡಿದಿದ್ದೆ. ಎರಡು ದೋಸೆ ತಿಂದ ಮೇಲೆ ಹೊಟ್ಟೆಯ ಗಂಟು ಅರ್ಧ ಕರಗಿತು. ಅಷ್ಟು ಭಾಗ ಸುಮ್ನೆ ಹಸಿವು!

ಭಾವ ಮೊದಲೋ, ಮೈ ಮೊದಲೋ? ಇದು ಹಳೆಯ ಜಗಳ. 1884ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಮೈ ಮೊದಲು ಅಲುಗುತ್ತದೆ, ಆ ಅಲುಗಾಟ ನಮ್ಮ ಅರಿವಿಗೆ ಬರುವುದೇ ಭಾವ ಅಂದರು. ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕುವಾಗ ಬೆನ್ನ ಹಿಂದೆ ದಡಲ್ ಅಂತ ಒಣಗಿದ ಅಡಿಕೆ ಹಾಳೆ ಬೀಳುತ್ತದೆ. ನೀವು ಆಗಲೇ ಒಂದು ಮಾರು ಹಾರಿರುತ್ತೀರಿ. ಆಮೇಲೆ ಎದೆ ಹೊಡೆದುಕೊಳ್ಳುವುದು ಗೊತ್ತಾಗುತ್ತದೆ. 'ಅಯ್ಯೋ, ಹಾಳೆ' ಅನ್ನುವ ಯೋಚನೆ ಕೊನೆಗೆ. ಜೇಮ್ಸ್ ಹೇಳಿದ್ದು ಪೂರ್ತಿ ಸರಿ ಅಂತ ನಾನು ಒಪ್ಪುವುದಿಲ್ಲ. ಹಾಳೆಯ ಮಟ್ಟಿಗೆ ಸರಿ.

ತೊಂದರೆ ಏನೆಂದರೆ, ಮೈ ತನ್ನ ಸುದ್ದಿಗೆ ಹೆಸರು ಬರೆದು ಕಳಿಸುವುದಿಲ್ಲ. 1974ರಲ್ಲಿ ಡಟನ್ ಮತ್ತು ಆರನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯಲ್ಲಿ ಒಂದು ಪ್ರಯೋಗ ಮಾಡಿದರು. ನಮ್ಮ ಸಹಸ್ರಲಿಂಗದ ಹತ್ತಿರ ಇದೆಯಲ್ಲ, ಆ ಥರದ್ದೇ, ಆದರೆ ಕಣಿವೆಯಿಂದ 230 ಅಡಿ ಮೇಲೆ. ಸೇತುವೆಯಲ್ಲಿ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಫೋನ್ ನಂಬರ್ ಕೊಟ್ಟಳು. ತೂಗುಸೇತುವೆಯಲ್ಲಿ ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿಯಾದ, ತಗ್ಗಿನ ಸೇತುವೆಯಲ್ಲಿ 16ರಲ್ಲಿ ಇಬ್ಬರೇ. ಸೇತುವೆ ತಂದ ಎದೆಬಡಿತವನ್ನು ಹುಡುಗಿ ತಂದಿದ್ದು ಅಂದುಕೊಂಡರು ಅಂತ ಅವರ ವಿವರಣೆ. ಜನ ಕಡಿಮೆ, ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಆದರೂ ಜಾಸ್ತಿ ಚಹಾ ಕುಡಿದು ಎದೆ ಹೊಡೆದುಕೊಂಡಾಗ 'ಯಾಕೋ ಹೆದರಿಕೆ' ಅಂದವರು ಇಲ್ಲೂ ಇದ್ದೀರಿ, ಅಲ್ವಾ?

ರಾತ್ರಿಯಿಡೀ ಯಕ್ಷಗಾನ ನೋಡುವ ನಮಗೆ ಇದು ಹೊಸದೇನಲ್ಲ. ನಾಟ್ಯಶಾಸ್ತ್ರ 49 ಭಾವಗಳನ್ನು ಎಣಿಸುತ್ತದೆ. ಶೋಕ, ಭಯ, ಕ್ರೋಧದಂಥ ಸ್ಥಾಯಿಗಳು, ಅಂದರೆ ನೆಲೆ ನಿಲ್ಲುವ ಭಾವಗಳು, 8. ಬೆವರು, ನಡುಕ, ಕಣ್ಣೀರು, ದನಿ ಒಡೆಯುವುದು, ಮೈ ನವಿರೇಳುವುದು ಇಂಥ ಸಾತ್ವಿಕಗಳು ಬೇರೆ 8. ಮೈಗೆ ಬೇರೆಯದೇ ಪಟ್ಟಿ ಇಟ್ಟಿದ್ದು ನನಗೆ ಬಹಳ ಇಷ್ಟ. ವೇಷಧಾರಿಯ ಕಣ್ಣೀರೊಂದನ್ನೇ ನೋಡಿ ಅದು ದುಃಖದ್ದೋ ಆನಂದದ್ದೋ ಹೇಳಲಾಗದು. ಪ್ರಸಂಗ ಗೊತ್ತಿರಬೇಕು. ಉಳಿದ 33 ಸಂಚಾರಿಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ ಮಾತ್ರ, ಚಿಂತೆ, ನೆನಪು, ದಣಿವು, ನಿದ್ದೆ ಎಲ್ಲ ಕಲಸಿಕೊಂಡಿವೆ. ಅಂದರೆ ಇವನ್ನು ಬಿಡಿಸುವುದು ನಾಟ್ಯಶಾಸ್ತ್ರ ಬರೆದವರಿಗೂ ಸುಲಭ ಇರಲಿಲ್ಲ!

ಒಂದು ಎಚ್ಚರಿಕೆ. ಎದೆ ಹಿಂಡಿದಂತಾಗಿ ನೋವು ಎಡತೋಳಿಗೆ ಇಳಿದರೆ, ತಣ್ಣನೆ ಬೆವರು ಬಂದರೆ, ಅದಕ್ಕೆ ಯಾವ ಭಾವದ ಹೆಸರು ಅಂತ ಹುಡುಕುತ್ತ ಕೂರಬೇಡಿ. 'ಗ್ಯಾಸು, ತಲೆಬಿಸಿ' ಅಂತಲೂ ತಳ್ಳಬೇಡಿ. ಆಸ್ಪತ್ರೆಗೆ ಹೋಗಿ.

ಕೊನೆಗೌಡನ ಕಥೆ ಬಾಕಿ ಉಳಿಯಿತು. ಹೆದರಿಕೆ ಅಂತ ಗೊತ್ತಾದ ಮೇಲೆ ಬೈಯುವ ಕೆಲಸ ಬಿಟ್ಟು ತೋಟಕ್ಕೆ ಇಳಿದು ನೋಡಿದೆ. ನಾಲ್ಕು ಮರದ ಬುಡದಲ್ಲಿ ಕೊಳೆ ಅಡಿಕೆ ಬಿದ್ದಿತ್ತು, ಹೆಕ್ಕಿ ದೂರ ಹಾಕಿದೆ. ಮೂರನೇ ದಿನ ಅವನು ಬಂದ. ಅಂಗಳದಲ್ಲಿ ನಿಂತು, 'ಮಾಸ್ತರ್ರೆ, ಬೇಜಾರಾಯ್ತಾ?' ಅಂದ.

'ಬೇಜಾರಲ್ಲ ಮಾರಾಯ, ಹೆದರಿಕೆ ಆಗಿತ್ತು' ಅಂದೆ.

ಅವನು ಮೋಡ ನೋಡಿದ. 'ನಂಗೂ' ಅಂದು, ಕಾಲಿಗೆ ಹಗ್ಗ ಸಿಕ್ಕಿಸಿಕೊಂಡು ಮರ ಹತ್ತಿದ.