ಕಿವಿ ಮಂದವಾದ ಮನೆಯ ನಾಯಿ

ಕೇಳುಗರಿಗೆ ನಮಸ್ಕಾರ.

ನಾಯಿ ಸಾಕಿದ ಮನೆಗಳಲ್ಲಿ ದೀಪಾವಳಿ ಕಳೆದ ಮೇಲೆ ಒಂದು ಮಾತು ಕೇಳಿಬರುತ್ತದೆ. "ವರ್ಷಾ ವರ್ಷಾ ಪಟಾಕಿ ಸದ್ದಿಗೆ ಮಂಚದಡಿ ಸೇರ್ಕೊಂಡು ನಡುಗ್ತಿತ್ತು. ಈ ಸಲ ಹಾಯಾಗಿ ಮಲಗಿತ್ತು ನೋಡಿ, ವಯಸ್ಸಾದ ಮೇಲೆ ಧೈರ್ಯ ಬಂದಿದೆ." ನಾಯಿಗೆ ಹತ್ತು ಹನ್ನೆರಡು ವರ್ಷವಾಗಿದ್ದರೆ ದಯವಿಟ್ಟು ಅದನ್ನು ಧೈರ್ಯವೆಂದು ತಿಳಿಯಬೇಡಿ. ಪಟಾಕಿಯಷ್ಟು ದೊಡ್ಡ ಸದ್ದೇ ಮುಟ್ಟುತ್ತಿಲ್ಲವೆಂದರೆ, ಅದರ ಕಿವಿ ಮಂದವಾಗತೊಡಗಿ ಬಹಳ ದಿನಗಳಾಗಿರಬಹುದು.

ಇದು ಬಹಳ ನಿಧಾನವಾಗಿ ಬರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಒಳಗಿವಿಯಲ್ಲಿ ಸುರುಳಿ ಸುತ್ತಿದ ಒಂದು ಪುಟ್ಟ ಕೊಳವೆ ಇದೆ. ಸದ್ದಿನ ಕಂಪನವನ್ನು ಹಿಡಿದು ನರಕ್ಕೆ ಮುಟ್ಟಿಸುವ ಸೂಕ್ಷ್ಮ ಕೂದಲಕೋಶಗಳು ಇರುವುದು ಅದರೊಳಗೆ. ವಯಸ್ಸಾದಂತೆ ಅವು ಸಾಯುತ್ತಾ ಹೋಗುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸ್ವರವನ್ನು ಹಿಡಿದರೆ, ನಾಯಿಯ ಕಿವಿ ಸುಮಾರು 45,000ದ ತನಕ ಹಿಡಿಯುತ್ತದೆ. ಮುಪ್ಪಿನಲ್ಲಿ ಮೊದಲು ಕೈಬಿಡುವುದು ತೀಕ್ಷ್ಣವಾದ ಸ್ವರಗಳೇ. ಸಿಳ್ಳೆ, ಕೀಲಿಗೊಂಚಲಿನ ಸದ್ದು, ಮಕ್ಕಳ ಎಳೆದನಿ ಮರೆಯಾಗುತ್ತವೆ. ಗುಡುಗು, ಬಾಗಿಲು ಬಡಿದ ಸದ್ದು, ಗಂಡಸರ ದಪ್ಪ ದನಿ ಇನ್ನೂ ಕೆಲಕಾಲ ಕೇಳುತ್ತಿರುತ್ತವೆ.

ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. "ಅಪ್ಪ ಕರೆದ್ರೆ ಬರ್ತದೆ, ನಾನು ಕರೆದ್ರೆ ತಿರುಗಿಯೂ ನೋಡಲ್ಲ." "ಬೇಕಾದಾಗ ಕೇಳ್ತದೆ, ಬೇಡದಾಗ ಇಲ್ಲ." "ಮುದಿಯಾದ ಮೇಲೆ ಹಠ ಜಾಸ್ತಿ." ಕಿವಿ ಮಂದವಾದ ಹಿರಿಯರಿರುವ ಮನೆಗಳಲ್ಲೂ ಇಂಥವೇ ಮಾತು ಹುಟ್ಟುತ್ತವೆ. ಆದರೆ ಅಜ್ಜನಾದರೆ ತಿರುಗಿ ಒಂದು ಮಾತು ಹೇಳಬಲ್ಲ. ನಾಯಿ ಸುಮ್ಮನೆ ಬೈಸಿಕೊಳ್ಳುತ್ತದೆ, ಯಾಕೆಂದು ತಿಳಿಯದೆ.

ನಮ್ಮದು ಮಲೆನಾಡಿನ ಒಂಟಿಮನೆ. ನಮ್ಮ ಕರಿಯ ನಾಟಿ ನಾಯಿ, ಈಗ ಮುದುಕ. ಗದ್ದೆಯಾಚೆಯ ತಿರುವಿನಲ್ಲಿ ಬೈಕಿನ ಸದ್ದಾದರೆ ಅದು ಮನೆಯವರದೋ ಹೊರಗಿನವರದೋ ಎಂದು ಮೊದಲು ತಿಳಿಯುತ್ತಿದ್ದುದು ಅವನಿಗೆ. ಅವನಲ್ಲಿ ಮೊದಲು ಕಳೆದುಹೋದದ್ದು ದಿಕ್ಕು. ಅಡುಗೆಮನೆಯಿಂದ ಕರೆದರೆ ಅಂಗಳಕ್ಕೆ ಓಡುತ್ತಿದ್ದ. ಸದ್ದು ಕೇಳುತ್ತಿತ್ತು, ಎಲ್ಲಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಆಮೇಲೆ ಬೊಗಳುವ ದನಿ ಏರಿತು, ತನ್ನದೇ ದನಿ ತನಗೆ ಕೇಳದ್ದರಿಂದ. ನಿದ್ದೆ ಗಾಢವಾಯಿತು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಇಷ್ಟೂ ಮುಚ್ಚಿಹೋಗುತ್ತದೆ. ಎಳೆಯ ನಾಯಿ ಕಿವಿ ನಿಮಿರಿಸಿ ಎದ್ದರೆ ಮುದಿ ನಾಯಿಯೂ ಅದನ್ನು ನೋಡಿ ಏಳುತ್ತದೆ. ಬೊಗಳಿದರೆ ತಾನೂ ಬೊಗಳುತ್ತದೆ. ಕಣ್ಣಿನಲ್ಲೇ ಕೇಳಿಸಿಕೊಳ್ಳುವುದನ್ನು ಅದು ಕಲಿತಿರುತ್ತದೆ.

ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. ನಾಯಿ ಬೆನ್ನು ಹಾಕಿ ಮಲಗಿದ್ದಾಗ, ನಿಮ್ಮ ನೆರಳು ಬೀಳದ ಹಾಗೆ, ನೆಲ ಅದುರದ ಹಾಗೆ ದೂರ ನಿಂತು ಕೀಲಿಗೊಂಚಲು ಅಲ್ಲಾಡಿಸಿ. ಕಿವಿಯ ತುದಿ ತಿರುಗುತ್ತದೆಯೇ ಗಮನಿಸಿ. ಹತ್ತಿರ ಹೋಗಿ ಚಪ್ಪಾಳೆ ತಟ್ಟಿದರೆ ಪ್ರಯೋಜನವಿಲ್ಲ, ಬೀಸಿದ ಗಾಳಿಗೇ ಅದು ತಿರುಗಿಬಿಡುತ್ತದೆ.

ಮುಪ್ಪಿನ ಕಿವುಡು ಎಂದು ಕೈಚೆಲ್ಲುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಲೇಬೇಕು. ಗುಗ್ಗೆ ಕಟ್ಟಿಕೊಂಡು, ಕೀವಾಗಿ, ಉಣುಗು ಸೇರಿಕೊಂಡು ಕಿವಿ ಮಂದವಾಗಿದ್ದರೆ ವಾಸಿ ಮಾಡಬಹುದು. ಲ್ಯಾಬ್ರಡಾರಿನಂಥ ಜೋಲುಕಿವಿಯ ನಾಯಿಗಳಿಗೆ ಮಳೆಗಾಲದ ತೇವದಲ್ಲಿ ಇದು ಹೆಚ್ಚು. ತಲೆ ಕೊಡವುವುದು, ಕಿವಿ ಕೆರೆದುಕೊಳ್ಳುವುದು, ದುರ್ವಾಸನೆ, ಇವು ಅದರ ಗುರುತು. ಕೊಬ್ಬರಿ ಎಣ್ಣೆ ಬಿಸಿಮಾಡಿ ಹಾಕುವುದು, ಯಾವಾಗಲೋ ತಂದು ಉಳಿದ ಔಷಧಿ ಹನಿಸುವುದು ಬೇಡವೇ ಬೇಡ. ಕಿವಿತಮಟೆ ಹರಿದಿದ್ದರೆ ಕೆಲವು ಔಷಧಿಗಳು ಒಳಗಿವಿಗೆ ಇಳಿದು ಉಳಿದಷ್ಟು ಶ್ರವಣವನ್ನೂ ಕೆಡಿಸುತ್ತವೆ. ರಾತ್ರಿಯಿಡೀ ಸುಮ್ಮನೆ ಅಡ್ಡಾಡುವುದು, ಗೋಡೆ ದಿಟ್ಟಿಸುತ್ತಾ ನಿಲ್ಲುವುದು, ಮನೆಯೊಳಗೇ ಉಚ್ಚೆ ಹೊಯ್ಯುವುದು ಶುರುವಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅದು ಕಿವಿಯದಲ್ಲ, ಮಿದುಳಿನ ಮುಪ್ಪು ಇರಬಹುದು.

ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆಸಿದ ನಾಡು ನಮ್ಮದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಿಂತಿದ್ದ ಹತ್ತನೇ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರನೆಂಬ ವೀರ ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಕಾದಿತು, ಎರಡೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ನಡೆಯುವಂತೆ ಮಾಡಿದರು. ಆ ಕಲ್ಲಿನ ಎದುರು ನಿಂತಾಗ ನನಗೆ ಅನ್ನಿಸುವುದಿಷ್ಟು: ಕಾಳಿಗೆ ಮುಪ್ಪು ಬರಲೇ ಇಲ್ಲ. ಹಳ್ಳಿಯ ನಾಯಿಗಳಿಗೂ ಬರುತ್ತಿದ್ದುದು ಅಪರೂಪ. ರೋಗಕ್ಕೋ ಚಿರತೆಗೋ ಮೊದಲೇ ಹೋಗುತ್ತಿದ್ದವು. ಲಸಿಕೆ, ಔಷಧಿ, ಹೊತ್ತುಹೊತ್ತಿಗೆ ಊಟ ಸಿಕ್ಕಿ ನಾಯಿ ಮುದಿಯಾಗುವವರೆಗೆ ಬದುಕುವುದು ನಮ್ಮ ಕಾಲದಲ್ಲಿ ಹೆಚ್ಚಾಗಿದೆ. ಆದ್ದರಿಂದ ಕಿವುಡು ನಾಯಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಅಜ್ಜಿಯರು ಹೇಳಿಕೊಟ್ಟದ್ದಿಲ್ಲ. ಅದನ್ನು ನಾವೇ ಕಲಿಯಬೇಕಾಗಿದೆ.

ಮೊದಲ ಪಾಠ, ಮಲಗಿದ ನಾಯಿಯನ್ನು ಹಿಂದಿನಿಂದ ಮುಟ್ಟಬಾರದು. ಎಷ್ಟೇ ಸಾಧುವಾದರೂ ಬೆಚ್ಚಿಬಿದ್ದ ನಾಯಿ ಯಾರೆಂದು ನೋಡುವ ಮೊದಲೇ ಬಾಯಿ ಹಾಕಿಬಿಡಬಹುದು. ಆಮೇಲೆ ಅದಕ್ಕೂ ದುಃಖ, ನಮಗೂ ದುಃಖ. ಮುಂದಿನಿಂದ ಬನ್ನಿ. ನೆಲವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ಮರದ ನೆಲವಾದರೆ ಅದುರು ಚೆನ್ನಾಗಿ ಮುಟ್ಟುತ್ತದೆ. ನಮ್ಮಲ್ಲಿರುವಂಥ ಸಿಮೆಂಟ್ ನೆಲದಲ್ಲಿ ಮೂಗಿನ ಹತ್ತಿರ ಕೈ ಹಿಡಿಯುವುದೇ ಒಳ್ಳೆಯದು. ವಾಸನೆ ಹಿಡಿದು ತಾನಾಗಿ ಕಣ್ಣು ಬಿಡುತ್ತದೆ. ಎದ್ದ ಕೂಡಲೇ ಒಂದು ತುಂಡು ರೊಟ್ಟಿಯೋ ಬಿಸ್ಕತ್ತೋ ಕೊಡಿ. ಎಬ್ಬಿಸುವುದೆಂದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ಅದಕ್ಕೆ ಬರಬೇಕು. ಮನೆಗೆ ಬರುವ ಮಕ್ಕಳಿಗೆ ಇದನ್ನು ಬಾಗಿಲಲ್ಲೇ ಹೇಳಿಬಿಡಿ.

ಇನ್ನು ಮಾತು. ನಾಯಿಗಳು ಎಳವೆಯಿಂದಲೂ ನಮ್ಮ ಮಾತಿಗಿಂತ ಮೈಕೈ ಆಡಿಸುವುದನ್ನೇ ಹೆಚ್ಚು ಗಮನಿಸುತ್ತವೆ. ಹಾಗಾಗಿ ಕೈಸನ್ನೆ ಕಲಿಸುವುದು ಕಷ್ಟವಲ್ಲ. ಅಂಗೈ ಎದೆಯ ಕಡೆಗೆ ಎಳೆದುಕೊಂಡರೆ ಬಾ, ಅಂಗೈ ಮುಂದೆ ಚಾಚಿದರೆ ನಿಲ್ಲು, ಹೆಬ್ಬೆರಳು ಎತ್ತಿದರೆ ಭೇಷ್. ಮನೆಯವರೆಲ್ಲರದೂ ಒಂದೇ ಸನ್ನೆ ಆಗಿರಬೇಕು, ಇದರಲ್ಲಿ ರಾಜಿ ಬೇಡ. ವಯಸ್ಸಾದ ನಾಯಿಯ ಕಣ್ಣೂ ಮಸುಕಾಗಿರಬಹುದು, ಅದಕ್ಕೇ ಸನ್ನೆ ದೊಡ್ಡದಾಗಿರಲಿ, ಬೆಳಕಿನಲ್ಲಿ ನಿಂತು ಮಾಡಿ. ಸಂಜೆ ಅಂಗಳದಿಂದ ಕರೆಯಬೇಕಾದಾಗ ನಾವು ಜಗಲಿಯ ದೀಪವನ್ನು ಎರಡು ಬಾರಿ ಆರಿಸಿ ಹೊತ್ತಿಸುತ್ತೇವೆ. ಕರಿಯನಿಗೆ ಅದೇ ಕರೆ. ನಾಯಿಗೆ ಏಳೆಂಟು ವರ್ಷವಾಗಿ ಕಿವಿ ಚೆನ್ನಾಗಿರುವಾಗಲೇ ಮಾತಿನ ಜೊತೆಗೆ ಸನ್ನೆಯನ್ನೂ ಸೇರಿಸಿಕೊಂಡರೆ, ಮುಂದೆ ಮಾತು ಬಿದ್ದುಹೋದಾಗ ಸನ್ನೆ ಉಳಿದಿರುತ್ತದೆ.

ಕಿವಿ ಕೇಳದ ನಾಯಿಯನ್ನು ಹಗ್ಗವಿಲ್ಲದೆ ರಸ್ತೆಗೆ ಬಿಡಬೇಡಿ. ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಸ್ಕೂಟರ್ ಕಿವಿ ಇರುವ ನಾಯಿಗೇ ತಿಳಿಯುವುದಿಲ್ಲ. ಕೊರಳಪಟ್ಟಿಯ ಮೇಲೆ ಫೋನ್ ನಂಬರಿನ ಜೊತೆ "ಕಿವಿ ಕೇಳಿಸದು" ಎಂದು ಬರೆಸಿ. ನಮ್ಮ ಕಡೆಯಂತೆ ಚಿರತೆ ಓಡಾಡುವ ಊರಾದರೆ ರಾತ್ರಿ ಜಗಲಿಯಲ್ಲೂ ಮಲಗಿಸಬೇಡಿ, ಒಳಗೆ ಕರೆದುಕೊಳ್ಳಿ. ಇಷ್ಟು ವರ್ಷ ಮನೆ ಕಾದ ನಾಯಿಯನ್ನು ಒಳಗೆ ಮಲಗಿಸುವುದಕ್ಕೆ ಮಡಿ ಮೈಲಿಗೆ ಎನ್ನುವವರಿದ್ದರೆ, ಹಿತ್ತಿಲ ಕೋಣೆಯಲ್ಲಾದರೂ ಬಾಗಿಲು ಹಾಕಿ ಮಲಗಿಸಿ.

ಹೊರಗೆ ಹೋಗುವಾಗ ನಾಯಿ ನಿದ್ದೆಯಲ್ಲಿದ್ದರೆ ಎಬ್ಬಿಸಿ, ತಲೆ ಸವರಿ ಹೋಗಿ. ಎಚ್ಚರವಾದಾಗ ಮನೆ ಖಾಲಿಯಾಗಿದ್ದರೆ ಅದು ಕೋಣೆ ಕೋಣೆ ಹುಡುಕುತ್ತದೆ. ಅದರೊಡನೆ ಮಾತಾಡುವುದನ್ನೂ ಬಿಡಬೇಡಿ. ಮಾತಾಡುವಾಗ ನಮ್ಮ ಮುಖ ಅರಳುತ್ತದೆ, ಕೈ ಆಡುತ್ತದೆ. ಅದಕ್ಕೆ ಬೇಕಾದದ್ದು ಅಷ್ಟೂ ಅಲ್ಲಿ ಸಿಗುತ್ತದೆ.

ಮನೆಯಿಲ್ಲದ ನಾಯಿಗಳೂ ಮುದಿಯಾಗುತ್ತವೆ, ಅವುಗಳ ಕಿವಿಯೂ ಹೋಗುತ್ತದೆ. ನೆರಳಿಗೆಂದು ನಿಂತ ಕಾರಿನಡಿ ಮಲಗಿದ ಮುದಿ ನಾಯಿಗೆ ಎಂಜಿನ್ ಶುರುವಾದದ್ದು ತಿಳಿಯದೇ ಇರಬಹುದು. ಗಾಡಿ ತೆಗೆಯುವ ಮೊದಲು ಒಮ್ಮೆ ಬಗ್ಗಿ ನೋಡಿ. ಎಷ್ಟು ಹಾರ್ನ್ ಹೊಡೆದರೂ ರಸ್ತೆಯಿಂದ ಏಳದ ನಾಯಿಯನ್ನು ಕಂಡರೆ, ಇಳಿದು ಹೋಗಿ ಅದಕ್ಕೆ ಕಾಣುವ ಹಾಗೆ ಸ್ವಲ್ಪ ದೂರದಲ್ಲಿ ನಿಲ್ಲಿ. ನಿಮ್ಮನ್ನು ಕಂಡರೆ ಎದ್ದು ಹೋಗುತ್ತದೆ.

ನಮಸ್ಕಾರ.