ಸ್ಪಂಜಿಲ್ಲದ ಹವಳದ ತೊಟ್ಟಿ

ಕೇಳುಗರಿಗೆ ನಮಸ್ಕಾರ.

ಗಾಜಿನ ತೊಟ್ಟಿಯಲ್ಲಿ ಕಡಲ ಮೀನು, ಹವಳ ಸಾಕುವವರು ಈಗ ಮಂಗಳೂರು, ಉಡುಪಿ ಕಡೆ ಅಲ್ಲಲ್ಲಿ ಇದ್ದಾರೆ. ಅಂಥವರ ಮನೆಗೆ ಹೋದವರು ಮೊದಲು ಕೇಳುವುದೇ 'ಫಿಲ್ಟರ್ ಯಾವುದು ಹಾಕಿದ್ದೀರಿ?' ಅಂತ. ಸ್ಪಂಜು, ಹತ್ತಿ ಇಟ್ಟು ಕಸ ಸೋಸುವ ಫಿಲ್ಟರ್ ಇಲ್ಲದೆಯೂ ಈ ತೊಟ್ಟಿ ಚೆನ್ನಾಗಿ ನಡೆಯುತ್ತದೆ. ಕೆಲವು ವಿಷಯದಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಸ್ಪಂಜು ಮಾಡುವ ಕೆಲಸ ನೋಡಿ. ಮೀನು ತಿಂದು ಬಿಟ್ಟ ಆಹಾರ, ಹಿಕ್ಕೆ, ಕೊಳೆತ ಪಾಚಿ ಎಲ್ಲವನ್ನೂ ಹಿಡಿಯುತ್ತದೆ. ನೀರು ತಿಳಿಯಾಗುತ್ತದೆ, ನಿಜ. ಆದರೆ ಕಸ ತೊಟ್ಟಿ ಬಿಟ್ಟು ಹೋಗಿಲ್ಲ. ಮನೆ ಗುಡಿಸಿ ಕಸವನ್ನು ಚಾವಡಿ ಮೂಲೆಯಲ್ಲೇ ಗುಡ್ಡೆ ಹಾಕಿದ ಹಾಗೆ ಅದು. ಆಗಾಗ ತೊಳೆಯದಿದ್ದರೆ ಅಲ್ಲೇ ಕೊಳೆತು, ಹೆಚ್ಚಾದರೆ ಹವಳಕ್ಕೆ ಒಗ್ಗದ ನೈಟ್ರೇಟ್ ನೀರಿನಲ್ಲಿ ಏರುತ್ತದೆ. ಜೊತೆಗೆ, ನೀರಲ್ಲಿ ತೇಲುವ ಸಣ್ಣ ಜೀವಿಗಳೂ ಸ್ಪಂಜಿಗೆ ಸಿಕ್ಕಿಬೀಳುತ್ತವೆ. ಅವು ಹವಳದ ಊಟ.

ಹಾಗಾದರೆ ಕೊಳೆ ಎಲ್ಲಿಗೆ ಹೋಗಬೇಕು? ಅದನ್ನು ತಿನ್ನುವವರು ತೊಟ್ಟಿಯಲ್ಲೇ ಇರಬೇಕು. ಇಂಡೋನೇಷ್ಯಾದ ಲೀ ಚಿನ್ ಎಂಗ್ ಅವರು 1961ರಲ್ಲೇ ಈ ಪದ್ಧತಿಯ ಬಗ್ಗೆ ಬರೆದಿದ್ದರು. ಕಡಲ ನೀರು, ಜೀವ ತುಂಬಿದ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ. ಅವರು ನಂಬಿದ್ದು ಇಷ್ಟನ್ನೇ.

ಆ ಕಲ್ಲು ತೂತು ತೂತಾಗಿರುತ್ತದೆ. ಹೊರಮೈಯಲ್ಲಿರುವ ಬ್ಯಾಕ್ಟೀರಿಯಾ, ಕೊಳೆಯಿಂದ ಹುಟ್ಟುವ ವಿಷದಂಥ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದನ್ನು ಮತ್ತೆ ನೈಟ್ರೇಟ್ ಮಾಡುತ್ತವೆ. ಕಲ್ಲಿನ ಒಳಗೆ ಆಮ್ಲಜನಕ ಕಡಿಮೆ. ಅಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಅವು ನೈಟ್ರೇಟನ್ನು ಒಡೆದು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ನುಣ್ಣನೆಯ ಮರಳನ್ನು 10 ಸೆಂಟಿಮೀಟರಿಗಿಂತ ದಪ್ಪ ಹಾಸಿದರೂ ಇದೇ ಕೆಲಸ ಆಗುತ್ತದೆ. ಕೆಲವು ತಿಂಗಳಾದ ತೊಟ್ಟಿಯಲ್ಲಿ ಗಾಜಿಗೆ ಒತ್ತಿಕೊಂಡ ಮರಳಿನ ಅಡಿಪದರವನ್ನು ನೋಡಿ, ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತವೆ. ಅದನ್ನು ಸುಮ್ನೆ ಕೆದಕಬೇಡಿ.

ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು ಟಾರ್ಚ್ ಹಿಡಿಯಿರಿ. ನನಗೆ ತೊಟ್ಟಿ ತುಂಬಾ ಇಷ್ಟವಾಗುವುದು ಆ ಹೊತ್ತಿನಲ್ಲಿ. ಗಾಜಿನ ಮೇಲೆ ಬಿಳಿ ಚುಕ್ಕೆಗಳು ನಿಂತು ನಿಂತು ಓಡುತ್ತವೆ. ಅವು ಕೋಪೆಪಾಡ್‌ಗಳು, ಸಿಗಡಿಯ ದೂರದ ನೆಂಟರು. ಕಲ್ಲಿನ ತೂತಿನಿಂದ ಮೈತುಂಬ ಬಿರುಗೂದಲಿನ ಹುಳು ಅರ್ಧ ಹೊರಗೆ ಬಂದು, ಬಿದ್ದ ಆಹಾರದ ಚೂರನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಹೊಸಬರು ಇದನ್ನು ಕಂಡು ಹೆದರಿ ಹಿಡಿದು ಬಿಸಾಡುತ್ತಾರೆ. ದಯವಿಟ್ಟು ಬಿಸಾಡಬೇಡಿ. ಬರಿಗೈಯಲ್ಲಿ ಮುಟ್ಟಲೂ ಬೇಡಿ, ಕೂದಲು ಚುಚ್ಚಿದರೆ ಉರಿಯುತ್ತದೆ. ನಮ್ಮ ಕೈ ಹೋಗದ ಸಂದಿಯನ್ನೆಲ್ಲ ಸ್ವಚ್ಛ ಮಾಡುವುದು ಅದೇ.

ಇವರೆಲ್ಲ ಬದುಕಬೇಕಾದರೆ ನೀರು ಓಡಾಡುತ್ತಿರಬೇಕು. ತೊಟ್ಟಿಯ ನೀರಿನ 20 ಪಟ್ಟಾದರೂ ಗಂಟೆಗೆ ತಿರುಗಿಸುವ ಪಂಪ್ ಇಡಿ. ಮೀನು ಕಡಿಮೆ ಇರಲಿ. 200 ಲೀಟರಿಗೆ ಎರಡು ಮೂರು ಸಣ್ಣ ಮೀನು ಸಾಕು. ಇನ್ನೂ ಜೀವ ತುಂಬದ ಒಣ ಕಲ್ಲಿನಿಂದ ಶುರು ಮಾಡಿದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ತನಕ ಮೀನು ಬಿಡಬೇಡಿ. ಅದಕ್ಕೆ ಎಷ್ಟೋ ವಾರ ಹಿಡಿಯುತ್ತದೆ. ಕೊಳೆಯಿಂದಲೇ ಬರುವ ಫಾಸ್ಫೇಟ್ ಮಾತ್ರ ಗಾಳಿಗೆ ಹೋಗುವುದಿಲ್ಲ. ಪಕ್ಕದ ಸಣ್ಣ ತೊಟ್ಟಿಯಲ್ಲಿ ಅದನ್ನು ಹೀರಿಕೊಳ್ಳುವ ಕಡಲ ಪಾಚಿ ಬೆಳೆಸಿ, ಆಗಾಗ ಕಿತ್ತು ತೆಗೆಯಿರಿ. ಸ್ವಲ್ಪ ಸ್ವಲ್ಪ ನೀರನ್ನೂ ಬದಲಾಯಿಸುತ್ತಿರಿ.

ಕಡಲು ಇಲ್ಲೇ ಇದೆಯಲ್ಲ, ಹವಳ ಅಲ್ಲಿಂದಲೇ ತರಬಹುದು ಅಲ್ವಾ ಅಂತ ಕೇಳುವವರಿದ್ದಾರೆ. ತರಬಾರದು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಆದರೆ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಕಡಲ ಬಂಡೆಗೆ ಅಂಟಿದ ಒಂದು ಚೂರನ್ನೂ ಮುರಿಯಬೇಡಿ. ಒಣ ಕಲ್ಲು ಸಾಕು, ತಡವಾದರೂ ಅದರಲ್ಲಿ ಜೀವ ತುಂಬಿಕೊಳ್ಳುತ್ತದೆ.

ಮಂಗಳೂರಿನ ದಡದ ನೀರನ್ನೂ ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ನೇತ್ರಾವತಿ, ಫಲ್ಗುಣಿ ತುಂಬಿ ಹರಿದಾಗ ಉಪ್ಪು ಇಳಿಯುತ್ತದೆ, ನೀರು ಕೆಂಪಗೆ ಕದಡುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಲೀಟರಿಗೆ 35 ಗ್ರಾಂ ಲವಣ ನಿಲ್ಲುವ ಹಾಗೆ ಅಳತೆ ನೋಡಿಕೊಳ್ಳಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಮೇಲಿನಿಂದ ತುಂಬಿಸುವಾಗ ಸಿಹಿನೀರನ್ನೇ ಹಾಕಿ.

ಏಪ್ರಿಲ್, ಮೇಯಲ್ಲಿ ನೀರು ಬಿಸಿಯಾಗುತ್ತದೆ. ಫ್ಯಾನ್ ಇಡಬಹುದು, ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ನೀರು ಬೇಗ ಆವಿಯಾಗದು, ತಂಪೂ ಅಷ್ಟಕ್ಕಷ್ಟೆ. ಗುಡುಗು ಮಳೆಗೆ ಕರೆಂಟ್ ಹೋಗಿ ಪಂಪ್ ನಿಂತರೆ ಬಿಸಿ ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಮಳೆ ಶುರುವಾಗುವ ಮೊದಲೇ ತಂದು, ಓಡಿಸಿ ನೋಡಿ ಇಟ್ಟುಕೊಳ್ಳಿ.

ನಮಸ್ಕಾರ.