ಮುದ್ದೆಯ ಎಸರಿಗೆ ಯಾವ ನೀರು?

ಪಾವಗಡ ಸೀಮೆಯ ಅಕ್ಕಂದಿರಿಗೆ, ಅಣ್ಣಂದಿರಿಗೆ, ಗೋಡೆಗೆ ಒರಗಿ ಕೂತಿರುವ ಅಜ್ಜ ಅಜ್ಜಿಯರಿಗೆ ನಮಸ್ಕಾರ.

ಬೆಳಿಗ್ಗೆ ಮುದ್ದೆಗೆ ಎಸರು ಇಟ್ಟಿರಲ್ಲ, ಯಾವ ನೀರು ಇಟ್ಟಿರಿ? ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನು, ಅಡುಗೆಗೆ ಬೋರ್ ನೀರು. ಬಹಳ ಮನೆಗಳಲ್ಲಿ ಹೀಗೇ ಅಲ್ವಾ? ನಮ್ಮ ಮನೆಯಲ್ಲೂ ಎಷ್ಟೋ ವರ್ಷ ಹೀಗೇ ಇತ್ತು. "ಹೇಗೂ ಕುದಿಯುತ್ತಲ್ಲ" ಅನ್ನುತ್ತಿದ್ದಳು ನಮ್ಮಮ್ಮ.

ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಬೋರ್ ನೀರಿನಲ್ಲಿರುವ ಫ್ಲೋರೈಡ್ ಸಾಯುವ ಜೀವವಲ್ಲ, ನೆಲದೊಳಗಿನ ಕಲ್ಲಿನಿಂದ ನೀರಿಗೆ ಇಳಿದದ್ದು. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಬೋರ್‌ಗಳು ಅದನ್ನು ದಾಟಿವೆ.

ಮುದ್ದೆ ಎಸರನ್ನೆಲ್ಲ ಹೀರಿಕೊಳ್ಳುತ್ತದೆ. ಬೇಳೆಯೂ ಅಷ್ಟೇ. ಬಸ್ಸಾರಿಗಂತೂ ಬಸಿದ ಕಟ್ಟನ್ನೂ ಬಿಡುವುದಿಲ್ಲ ನಾವು. ಮೇಲೆ ಎರಡು ಹೊತ್ತು ಟೀ. ಕ್ಯಾನಿನ ನೀರು ಕುಡಿದೂ ಫ್ಲೋರೈಡನ್ನು ಉಣ್ಣುತ್ತಿದ್ದೇವೆ.

ಫ್ಲೋರೈಡ್ ವರ್ಷಗಟ್ಟಲೆ ಹೆಚ್ಚಾಗಿ ಒಳಗೆ ಹೋದರೆ ಮೂಳೆ, ಕೀಲು ಬಿಗಿಯುತ್ತವೆ. ಈಗ ಆಗುವವರು ಎದ್ದು ನಿಲ್ಲಿ. ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯಿರಿ. ಆಗದಿದ್ದರೆ ಹೆದರಬೇಡಿ, ಬೇರೆ ಕಾರಣವೂ ಇರಬಹುದು. ಆದರೆ ವೈದ್ಯರಿಗೆ ಹೇಳಿ. ನಮ್ಮಮ್ಮನಿಗೆ ಕತ್ತು ಎಷ್ಟು ಬಿಗಿಯಾಗಿತ್ತೆಂದರೆ ಅಟ್ಟದ ಮೇಲಿನ ಡಬ್ಬಿ ನೋಡಲು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ವಯಸ್ಸಾಯಿತು ಅಂತ ನಾವು ಸುಮ್ನಿದ್ದೆವು. ದಿನಾ ನೋವಿನ ಮಾತ್ರೆ ನುಂಗಿಸಿದೆವು. ಹಾಗೆ ಮಾಡಬೇಡಿ, ಕಿಡ್ನಿಗೆ ಪೆಟ್ಟು. ಬಿಗಿದ ಮೂಳೆ ಮೊದಲಿನಂತಾಗುವುದು ಕಷ್ಟ. ಬೇಗ ನೀರು ಬದಲಿಸಿದರೆ ಮುಂದಕ್ಕೆ ಹೆಚ್ಚದಂತೆ ತಡೆಯಬಹುದು.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮುಂದಿನ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆಗ ಫ್ಲೋರೈಡಿನಿಂದ ಬಿದ್ದ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಗುವಿನ ರಾಗಿ ಸರಿಗೆ, ಬಸುರಿಯ ಊಟಕ್ಕೆ ಕ್ಯಾನಿನ ನೀರೇ ಆಗಲಿ.

ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರ್ ನೀರು ಸಾಕು. ಅಡುಗೆಗೆ ದಿನಕ್ಕೆ ಇನ್ನೊಂದು ಕ್ಯಾನು ಬೇಕಾದೀತು. ಅದನ್ನು ಹೊರುವ ಕೆಲಸ ಸೊಂಟ ನೋವಿರುವ ಅಮ್ಮನ ಮೇಲೇ ಬೀಳದಿರಲಿ. ಬೈಕ್ ಇರುವ ಮಗ ತರಲಿ. ರಾಗಿ, ನುಗ್ಗೆಸೊಪ್ಪು, ಹಾಲು, ಮಜ್ಜಿಗೆ ಬಿಡಬೇಡಿ. ಇವುಗಳ ಸುಣ್ಣದಂಶ ಮೂಳೆಗೆ ಆಸರೆ. ನೆಲ್ಲಿಕಾಯಿಯೂ ಒಳ್ಳೆಯದು. ಕಡು ಟೀ ಕಡಿಮೆ ಮಾಡಿ, ಟೀ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ.

ಘಟಕದ ನೀರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಫಿಲ್ಟರ್ ಕಾಲಕಾಲಕ್ಕೆ ಬದಲಾಗದಿದ್ದರೆ ಅದೂ ಬರೀ ಬೋರ್ ನೀರೇ.

ಬಾಟಲಿಯಲ್ಲಿ ನೀರು ತನ್ನಿ ಅಂದಿದ್ದೆನಲ್ಲ, ಮೇಜಿನ ಮೇಲೆ ಪರೀಕ್ಷೆಯ ಕಿಟ್ ಇದೆ. ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಯಾವ ಬೋರ್, ಯಾವ ಘಟಕ ಅಂತ ಬಾಟಲಿಯ ಮೇಲೆ ಬರೆದು ಒಬ್ಬೊಬ್ಬರೇ ಬನ್ನಿ. ಅಜ್ಜಂದಿರು ಎದ್ದು ಬರೋದು ಬೇಡ, ನಾನೇ ಅಲ್ಲಿಗೆ ಬರುತ್ತೇನೆ.